ಬೆಂಕಿ ಹೆಂಗ ಹತ್ತಿತು ಅಂತ ಹುಡುಕುವ ಕೆಲಸಕ್ಕೆ ಏನೇನು ಬರಬೇಕು?

ಚಿತ್ತಾಪುರ_ಹುಡುಗ
ಎಲ್ಲರಿಗೂ ಶರಣಾರ್ಥಿ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಯ್ತು. ಸದ್ಯ ಕಲಬುರಗಿಯೊಳಗ ಒಂದು ಮೋಟರ್ ರಿವೈಂಡಿಂಗ್ ಅಂಗಡ್ಯಾಗ ಕೆಲಸ ಮಾಡ್ತೀನಿ. ಹೋದ ಬ್ಯಾಸಗ್ಯಾಗ ನಮ್ಮ ಓಣಿಯ ಒಂದು ಕಿರಾಣಿ ಅಂಗಡಿ ಸುಟ್ಟು ಹೋಯ್ತು. ಬೆಂಕಿ ಇನ್ನಾ ಪೂರಾ ಆರಿರಲಿಲ್ಲ, ಅಷ್ಟರಾಗ ನಿಂತವರೆಲ್ಲ "ಶಾರ್ಟ್ ಸರ್ಕ್ಯೂಟ್" ಅಂದ್ರು. ಮರುದಿನ ಪೇಪರ್‌ನ್ಯಾಗೂ ಅದೇ ಬಂತು. ಆದ್ರ ಆ ಅಂಗಡಿಯವ್ರು ದಿನಾ ರಾತ್ರಿ ಮೇನ್ ಬಂದ್ ಮಾಡಿ ಹೋಗ್ತಿದ್ರು, ನಾನೇ ನೋಡೀನಿ. ಹಂಗಾದ್ರ ಬೆಂಕಿ ಎಲ್ಲಿಂದ ಬಂತು? ಯಾರೂ ಹುಡುಕಲಿಲ್ಲ.

ಆ ಪ್ರಶ್ನೆ ನನ್ನ ತಲಿಯಿಂದ ಹೋಗವಲ್ದು. ಬೆಂಕಿ ಕಾರಣ ಹುಡುಕೋದು, ಮತ್ತ ಹತ್ತದಂಗ ತಡೆಯೋದು, ಇದನ್ನೇ ಕೆಲಸ ಮಾಡ್ಕೋಬೇಕು ಅಂತ ಆಸೆ. ಯಾವ ಪರೀಕ್ಷೆ, ಯಾವ ಕೋರ್ಸ್, ಏನು ಕಲೀಬೇಕು? ತಿಳಿದವರು ಹೇಳ್ರಿ.

ಹಳೇ_ಸೈರನ್
ತಮ್ಮ, ಅಗ್ನಿಶಾಮಕ ಇಲಾಖೆಯೊಳಗ ಬಾಳ ವರ್ಷ ಇದ್ದು ನಿವೃತ್ತ ಆದವ ನಾನು. ಮೊದ್ಲು ಒಂದು ಮಾತು ಸಾಫ್ ಹೇಳ್ತೀನಿ. ನಮ್ಮ ಕಡಿ "ಬೆಂಕಿ ತನಿಖಾಧಿಕಾರಿ" ಅನ್ನೋ ಒಂದೇ ಕುರ್ಚಿ ಇಲ್ಲ. ಕೆಲಸ ನಾಲ್ಕೈದು ಕೈಯಾಗ ಹಂಚಿ ಹೋಗ್ಯದ. ಬೆಂಕಿ ಆರಿಸಿ ವರದಿ ಕೊಡೋದು ಅಗ್ನಿಶಾಮಕ. ಕೇಸ್ ನಡ್ಸೋದು ಪೊಲೀಸ್. ಮಸಿ, ಬೂದಿ ಪರೀಕ್ಷೆ ಮಾಡೋದು ವಿಧಿವಿಜ್ಞಾನ ಪ್ರಯೋಗಾಲಯ, ಅದರ ಪ್ರಾದೇಶಿಕ ಶಾಖೆ ಕಲಬುರಗಿಯಾಗೇ ಅದ. ಕರೆಂಟಿನ ಅವಘಡ ನೋಡೋದು ವಿದ್ಯುತ್ ಪರಿವೀಕ್ಷಣಾಲಯ. ನಷ್ಟ ಅಳೆಯೋದು ವಿಮಾ ಸರ್ವೇಯರ್. ಈ ಐದು ಬಾಗಿಲೊಳಗ ನೀ ಯಾವುದರಿಂದ ಒಳಗ ಹೋದ್ರೂ ಉಳಿದ ನಾಲ್ಕು ಮಂದಿ ಭಾಷೆ ನಿನಗ ತಿಳಿಬೇಕು.

ಇನ್ನ ನಿನ್ನ ಕಿರಾಣಿ ಅಂಗಡಿ. ಮೇನ್ ಬಂದ್ ಇತ್ತು ಅಂದಿ. ಮೇನ್ ಸ್ವಿಚ್ಚಿನ ಈಚೆ ಬಂದ್ ಇರ್ತದ, ಆಚೆ ಇರಂಗಿಲ್ಲ. ಕಂಬದಿಂದ ಬರೋ ಸರ್ವಿಸ್ ವೈರ್, ಮೀಟರ್, ಮೀಟರಿನ ಟರ್ಮಿನಲ್ಲು, ಅಲ್ಲಿ ತನಕ ಇಪ್ಪತ್ನಾಲ್ಕು ತಾಸೂ ಕರೆಂಟ್ ಇರ್ತದ. ಹಂಗಾಗಿ "ಶಾರ್ಟ್ ಸರ್ಕ್ಯೂಟ್" ಅಂದವ್ರೂ ಅವಸರ ಮಾಡ್ಯಾರ, "ಕರೆಂಟ್ ಅಲ್ಲವೇ ಅಲ್ಲ" ಅಂತ ನೀ ಅಂದ್ರ ನಿಂದೂ ಅವಸರ. ಈ ಕೆಲಸದಾಗ ಮೊದ್ಲು ಬರಬೇಕಾದ ಗುಣ ಇದೇ. ಗೊತ್ತಾಗೋ ತನಕ ಗೊತ್ತಿಲ್ಲ ಅಂತ ಇರೋ ತಾಳ್ಮೆ.

ಇಲಾಖೆಗೆ ಬರೋದಾದ್ರ ನೇಮಕಾತಿ ಅಧಿಸೂಚನೆ ಕಾಯಬೇಕು, ನಿನ್ನ 371ಜೆ ಪ್ರಮಾಣಪತ್ರ (ನಮ್ಮ ಕಲ್ಯಾಣ ಕರ್ನಾಟಕದವ್ರ ಮೀಸಲಾತಿದು) ತಯಾರ್ ಇಟ್ಕೋ. ಆಯ್ಕೆ ಆದವ್ರಿಗೆ ತರಬೇತಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಅಕಾಡೆಮಿಯೊಳಗ. ಆಳವಾಗಿ ಓದಬೇಕಂದ್ರ ನಾಗಪುರದಾಗ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜು ಅದ. ಸಬ್ ಆಫೀಸರ್ ಕೋರ್ಸಿನಿಂದ ಹಿಡಿದು ಫೈರ್ ಎಂಜಿನಿಯರಿಂಗ್ ಬಿ.ಇ. ತನಕ ಅಲ್ಲಿ ಕಲಿಸ್ತಾರ. ವಿಧಿವಿಜ್ಞಾನದ ಕಡಿ ಮನಸಿದ್ರ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಧಾರವಾಡದಾಗೇ ಬಂದದ.

ಕಪನೂರ_ಮಿಲ್
ಸೈರನ್ ಸಾಹೇಬ್ರು ಹೇಳಿದ್ದು ನೂರಕ್ಕ ನೂರು ಖರೆ. ನಮ್ಮದು ತೊಗರಿ ಬ್ಯಾಳಿ ಮಿಲ್. ಒಮ್ಮೆ ಬೆಂಕಿ ಹತ್ತಿತು. ನೋಡಾಕ ಬಂದವ್ರು ಅರ್ಧ ತಾಸು ಇದ್ದು ಶಾರ್ಟ್ ಸರ್ಕ್ಯೂಟ್ ಅಂತ ಬರ್ಕೊಂಡು ಹೋದ್ರು. ನಾನು ಸಾಲ ಮಾಡಿ ಇಡೀ ಮಿಲ್ಲಿನ ವೈರಿಂಗ್ ಕಿತ್ತು ಹೊಸದು ಹಾಕಿಸ್ದೆ. ಹದಿನಾಲ್ಕು ತಿಂಗಳಿಗಿ ಮತ್ತ ಅದೇ ಮೂಲ್ಯಾಗ ಬೆಂಕಿ. ಎರಡನೇ ಸಲ ಬಂದ ಒಬ್ಬ ಹಿರಿಯರು ಮೂರು ದಿನ ಕುಂತು, ಜರಡಿ ಹಿಡಿದು ಬೂದಿ ಸೋಸಿದ್ರು. ಕಾಳು ಮ್ಯಾಲ ಎತ್ತೋ ಬಕೆಟ್ ಎಲಿವೇಟರಿನ ಕೆಳಗಿನ ಬೇರಿಂಗ್ ನೀಲಿ ತಿರುಗಿತ್ತು, ಒಳಗಿನ ಗುಂಡು ಚಪ್ಪಟ್ಟಿ ಆಗಿದ್ದವು. ಗ್ರೀಸ್ ಒಣಗಿ ಬೇರಿಂಗ್ ಕಾಯ್ದು, ಸುತ್ತ ಕೂತ ಬ್ಯಾಳಿ ಧೂಳು ಹೊಗೆಯಾಡಿ ಹತ್ತಿತ್ತು. ಮೊದಲನೇ ಸಲಾನೂ ಅದೇ ಆಗಿತ್ತು ಅಂತ ನನ್ನ ನಂಬಿಕೆ. ಸುಳ್ಳು ಕಾರಣ ಬರೆದ್ರ ಎರಡನೇ ಬೆಂಕಿಗಿ ದಾರಿ ಮಾಡಿಕೊಟ್ಟಂಗ.

ಆ ಹಿರಿಯರು ಹೋಗೋ ಮುಂದ ಒಂದು ಮಾತು ಹೇಳಿದ್ರು. ಧೂಳು ನೆಲದ ಮ್ಯಾಲ ಇದ್ದಾಗ ಸುಮ್ನ ಹೊಗೆಯಾಡ್ತದ, ಗಾಳ್ಯಾಗ ಎದ್ದು ಮುಚ್ಚಿದ ಜಾಗದಾಗ ಕಿಡಿ ಸಿಕ್ತಂದ್ರ ಬಾಂಬ್. ಅಮೆರಿಕದ ಜಾರ್ಜಿಯಾದಾಗ 2008ರಲ್ಲಿ ಸಕ್ಕರಿ ಫ್ಯಾಕ್ಟರಿ ಧೂಳೇ ಸಿಡಿದು 14 ಮಂದಿ ಸತ್ರಂತ. ಸಕ್ಕರಿ! ನಾವು ದಿನಾ ಚಹಾದಾಗ ಹಾಕೋದು. ಅವತ್ತಿಂದ ನಮ್ಮ ಮಿಲ್ಲಿನ್ಯಾಗ ತೊಲಿ ಮ್ಯಾಲಿನ ಧೂಳು ವಾರಕ್ಕೊಮ್ಮೆ ತೆಗಿಸ್ತೀನಿ. ಗಾಳಿ ಊದಿ ಎಬ್ಬಿಸಂಗಿಲ್ಲ, ಒರೆಸಿ ತೆಗಿಸ್ತೀನಿ.

ಲ್ಯಾಬ್_ಕೋಟು
ನಾನು ರಸಾಯನಶಾಸ್ತ್ರ ಓದಿದವಳು, ಪ್ರಯೋಗಾಲಯದಲ್ಲಿ ಕೆಲಸ. ನಮ್ಮ ಮೇಜಿಗೆ ಬರುವ ಮಾದರಿಗಳಲ್ಲಿ ಎಷ್ಟೋ ಮೊದಲೇ ಹಾಳಾಗಿರುತ್ತವೆ. ಅದರ ನೋವಿನಿಂದ ಬರೆಯುತ್ತಿದ್ದೇನೆ.

ಪೆಟ್ರೋಲ್ ಸುರಿದಿರಬಹುದು ಎಂಬ ಅನುಮಾನ ಇದ್ದರೆ ಸುಟ್ಟ ಬಟ್ಟೆ, ಮರ, ಮಣ್ಣನ್ನು ಸಾಮಾನ್ಯ ಪಾಲಿಥೀನ್ ಚೀಲದಲ್ಲಿ ಕಟ್ಟಿ ಕಳಿಸಬೇಡಿ. ಆವಿ ಪಾಲಿಥೀನ್ ದಾಟಿ ಹೊರಗೆ ಹೋಗಿಬಿಡುತ್ತದೆ. ಗಾಳಿಯಾಡದ ಹೊಸ ತಗಡಿನ ಡಬ್ಬಿ ಬೇಕು, ಅದನ್ನೂ ಕಂಠದವರೆಗೆ ತುಂಬದೆ ಮೇಲೆ ಸ್ವಲ್ಪ ಜಾಗ ಬಿಡಬೇಕು. ಆ ಜಾಗದಲ್ಲಿ ಸೇರುವ ಆವಿಯನ್ನೇ ನಾವು ಪರೀಕ್ಷೆ ಮಾಡುವುದು. ಮಣ್ಣಾದರೆ ಬೇಗ ಕಳಿಸಬೇಕು, ಮಣ್ಣಿನ ಸೂಕ್ಷ್ಮಜೀವಿಗಳು ಪೆಟ್ರೋಲನ್ನು ತಿಂದು ಮುಗಿಸುತ್ತವೆ. ಒಂದೊಂದು ಮಾದರಿಗೂ ಕೈಗವಸು ಬದಲಿಸಬೇಕು. ಬೈಕಿಗೆ ಪೆಟ್ರೋಲ್ ಹಾಕಿದ ಕೈಯಲ್ಲೇ ಮಾದರಿ ಮುಟ್ಟಿದರೆ ಆ ಮಾದರಿ ಮುಗಿಯಿತು.

ಇನ್ನೊಂದು. ಸುಟ್ಟ ಜಾಗದ ಜೊತೆಗೆ, ಅದೇ ಚಾಪೆಯ, ಅದೇ ಹಾಸಿಗೆಯ ಸುಡದ ತುಂಡನ್ನೂ ಬೇರೆ ಡಬ್ಬಿಯಲ್ಲಿ ಕಳಿಸಿ. ರಬ್ಬರ್ ಚಪ್ಪಲಿ, ಸ್ಪಂಜು, ಪ್ಲಾಸ್ಟಿಕ್ ಚಾಪೆ ಸುಟ್ಟರೂ ಪೆಟ್ರೋಲಿಯಂ ಎಣ್ಣೆಯನ್ನು ಹೋಲುವ ಪದಾರ್ಥಗಳು ಹೊರಬರುತ್ತವೆ. ಆವಿಯಲ್ಲಿನ ಪದಾರ್ಥಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಯಂತ್ರದ ಗ್ರಾಫ್ ಓದುವಾಗ ಹೋಲಿಕೆಗೆ ಆ ಸುಡದ ತುಂಡು ಇಲ್ಲದಿದ್ದರೆ ಒಬ್ಬ ನಿರಪರಾಧಿಯ ಮೇಲೆ ಅನುಮಾನ ಬೀಳುವ ಸಾಧ್ಯತೆ ಇದೆ.

ಶಹಾಬಾದ್_ಫರ್ಶಿ
ನಮ್ಮ ಕಾಕಾ ಕಟ್ಟಡ ಗುತ್ತಿಗೆದಾರರು. ಬೆಂಕಿ ಬಿದ್ದ ಮನಿಯೊಳಗ ಶಹಾಬಾದ್ ಕಲ್ಲಿನ ನೆಲ ಪದರ ಪದರ ಎದ್ದು ಸಿಡಿದಿದ್ರ ಅಲ್ಲಿ ಸೀಮೆಎಣ್ಣಿ ಸುರುವ್ಯಾರ ಅಂತಲೇ ಅರ್ಥ ಅಂತಾರ. ಕಿಟಕಿ ಗ್ಲಾಸ್ ಜೇಡರ ಬಲಿ ಹಂಗ ಸೀಳಿದ್ರೂ ಅಷ್ಟೇ ಅಂತ. ಇದು ಖರೆನಾ?

ಹಳೇ_ಸೈರನ್
ಅಲ್ಲ. ಇದನ್ನ ಕೂಡಲೇ ಬಿಡಬೇಕು, ಯಾಕಂದ್ರ ಈ ಮಾತಿನಿಂದ ಜೀವ ಹೋಗ್ಯಾವ.

ಕಲ್ಲು, ಕಾಂಕ್ರೀಟು ಸಿಡಿಯೋದು ಒಳಗಿನ ತೇವ ಆವಿ ಆಗಿ, ಇಲ್ಲಾ ಒಂದು ಕಡಿ ಕಾಯ್ದು ಇನ್ನೊಂದು ಕಡಿ ತಣ್ಣಗಿದ್ದು, ಇಲ್ಲಾ ನಾವು ಹೊಡೆದ ನೀರಿನಿಂದ. ಎಣ್ಣಿ ನೆಲದ ಮ್ಯಾಲ ಉರಿಯೋವಾಗ ಎಣ್ಣಿ ಇರೋ ತನಕ ಅದರ ಕೆಳಗಿನ ಕಲ್ಲು ಅಷ್ಟು ಕಾಯಂಗೇ ಇಲ್ಲ, ಎಣ್ಣಿಯ ಕುದಿಯೋ ಬಿಂದು ದಾಟಂಗಿಲ್ಲ. ಗ್ಲಾಸ್ ಜೇಡರ ಬಲಿ ಆಗೋದೂ ಕಾಯ್ದ ಗ್ಲಾಸಿಗಿ ನೀರು ಬಿದ್ದಾಗ. 1991ರಾಗ ಕ್ಯಾಲಿಫೋರ್ನಿಯಾದ ಓಕ್ಲಂಡ್ ಗುಡ್ಡದ ಬೆಂಕಿಯಾಗ ಸುಟ್ಟ ಮನಿಗಳ ಗ್ಲಾಸ್ ಪರೀಕ್ಷೆ ಮಾಡಿ ಇದನ್ನ ತೋರಿಸ್ಯಾರ.

ಅದೇ ವರ್ಷ ಡಿಸೆಂಬರ್‌ನಾಗ ಟೆಕ್ಸಾಸಿನ ಕಾರ್ಸಿಕಾನಾ ಊರಾಗ ಕ್ಯಾಮರೂನ್ ಟಾಡ್ ವಿಲ್ಲಿಂಗ್‌ಹ್ಯಾಮ್ ಅನ್ನೋವನ ಮನಿ ಸುಟ್ಟು ಅವನ ಮೂರು ಹೆಣ್ಣುಮಕ್ಕಳು ಸತ್ರು. ನೆಲದ ಮ್ಯಾಲಿನ ಸುಟ್ಟ ಕಲಿ, ಸೀಳಿದ ಗ್ಲಾಸು, ಇವನ್ನೇ ಹಿಡ್ಕೊಂಡು "ತಾನೇ ಎಣ್ಣಿ ಸುರುವ್ಯಾನ" ಅಂತ ತನಿಖೆ ಮಾಡಿದವ್ರು ಸಾಕ್ಷಿ ಹೇಳಿದ್ರು. 2004ರಾಗ ಅವನಿಗಿ ಮರಣದಂಡನೆ ಆಯ್ತು. ಆ ಗುರುತುಗಳು ಎಣ್ಣಿ ಇಲ್ಲದೇನೂ ಬೀಳ್ತಾವ ಅಂತ ಬೆಂಕಿ ವಿಜ್ಞಾನಿಗಳು ತೋರಿಸಿಕೊಟ್ರು. ಆದ್ರ ಹೋದ ಜೀವ ಹೋಯ್ತು.

ಹೆಂಗ ಬೀಳ್ತಾವ ಅಂದ್ರ, ಕೋಣಿ ಮೇಲಿನ ಹೊಗೆ 500–600 ಡಿಗ್ರಿ ಮುಟ್ಟಿದಾಗ ಅದರ ಶಾಖಕ್ಕ ಕೆಳಗಿನ ಎಲ್ಲಾ ಸಾಮಾನು ಒಮ್ಮೆಲೆ ಹತ್ತ್ಕೊಂತಾವ. ಇದಕ್ಕ ಫ್ಲ್ಯಾಶ್‌ಓವರ್ ಅಂತಾರ. ಅದಾದ ಮ್ಯಾಲ ಹೆಚ್ಚು ಸುಟ್ಟ ಜಾಗ ಅಂದ್ರ ಬೆಂಕಿ ಸುರುವಾದ ಜಾಗ ಅಲ್ಲ, ಗಾಳಿ ಹೆಚ್ಚು ಸಿಕ್ಕ ಜಾಗ. ಬಾಗಲಾ, ಕಿಟಕಿ, ಒಡೆದ ಪತ್ರಾಸು. 2005ರಾಗ ಲಾಸ್ ವೇಗಾಸ್‌ನಾಗ ಕೋಣಿಗಳನ್ನ ಬೇಕಂತಲೇ ಸುಟ್ಟು, ಫ್ಲ್ಯಾಶ್‌ಓವರ್ ಆಗಿ ಸುಮಾರು ಎರಡು ನಿಮಿಷಕ್ಕ ಆರಿಸಿ, ನುರಿತ 53 ಮಂದಿ ತನಿಖೆದಾರರಿಗಿ ಕೇಳಿದ್ರು, ಕೋಣಿಯ ನಾಲ್ಕು ಪಾಲಿನಾಗ ಬೆಂಕಿ ಸುರುವಾದದ್ದು ಯಾವುದ್ರಾಗ ಅಂತ. ಸರಿ ಹೇಳಿದವ್ರು 3 ಮಂದಿ. ಕಣ್ಣು ಮುಚ್ಚಿ ಬೊಟ್ಟು ಇಟ್ಟಿದ್ರೂ ನಾಲ್ಕರಾಗ ಒಂದು ಪಾಲು ಸರಿ ಬರ್ತಿತ್ತು. ನಾನು ಇದನ್ನ ಓದಿದ ರಾತ್ರಿ ನಿದ್ದಿ ಬರಲಿಲ್ಲ. ನಾ ಸಹಿ ಮಾಡಿದ ವರದಿಗಳು ಒಂದೊಂದಾಗಿ ನೆನಪಾದವು.

ಅದಕ್ಕ ಇಂಗ್ಲಿಷ್ ಓದೋ ಶಕ್ತಿ ಗಳಿಸ್ಕೋ, ತಮ್ಮ. ಬೆಂಕಿ ತನಿಖೆ ಹೆಂಗ ಮಾಡಬೇಕು ಅನ್ನೋದಕ್ಕ ಅಮೆರಿಕದ್ದು ಎನ್‌ಎಫ್‌ಪಿಎ 921 ಅಂತ ಒಂದು ಮಾರ್ಗಸೂಚಿ ಅದ, 1992ರಾಗ ಮೊದಲ ಆವೃತ್ತಿ ಬಂತು. ಅದರ ತಿರುಳು ಇಷ್ಟೇ: ಸಾಧ್ಯ ಇರೋ ಕಾರಣ ಎಲ್ಲಾ ಬರಿ, ಒಂದೊಂದನ್ನೂ ಸುಳ್ಳು ಮಾಡಾಕ ನೋಡು, ಯಾವುದು ಉಳೀತದೋ ಅದು. ಏನೂ ಉಳೀಲಿಲ್ಲ ಅಂದ್ರ, ಇಲ್ಲಾ ಎರಡು ಉಳಿದ್ರ, "ನಿರ್ಧರಿಸಲಾಗಿಲ್ಲ" ಅಂತ ಬರಿ. ಆ ಶಬ್ದ ಬರೆಯಾಕ ನಾಚಬ್ಯಾಡ.

ಸರ್ವೇಯರ್_ಬೀದರ
ವಿಮಾ ಸರ್ವೇಯರ್ ಆಗಿ ನನ್ನದೊಂದಿಷ್ಟು. ಈ ದಾರಿಗೆ ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ಲೈಸೆನ್ಸ್ ಬೇಕು.

ಎಲ್ಲರೂ ಬೂದಿಯ ಬಗ್ಗೆ ಹೇಳಿದರು, ನಾನು ಮಂದಿಯ ಬಗ್ಗೆ ಹೇಳುತ್ತೇನೆ. ನಮ್ಮ ಭಾಗದಲ್ಲಿ ಸಾಕ್ಷಿ ಹೇಳುವ ಹಮಾಲಿ ದಖನಿ ಉರ್ದು ಮಾತಾಡಬಹುದು, ಕಾವಲುಗಾರ ಮರಾಠಿ, ಅಡುಗೆಯವರು ತೆಲುಗು. ಅವರವರ ಭಾಷೆಯಲ್ಲಿ ಕೇಳಿದರೆ ಬರುವ ಉತ್ತರವೇ ಬೇರೆ. "ಶಾರ್ಟ್ ಸರ್ಕ್ಯೂಟ್ ಆಯ್ತೇನ್ರಿ?" ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ನೀವು ಎಲ್ಲಿ ನಿಂತಿದ್ರಿ, ಮೊದಲು ಕಂಡಿದ್ದೇನು, ಆಮೇಲೆ ಏನು ಮಾಡಿದ್ರಿ" ಎಂದಷ್ಟೇ ಕೇಳಿ ಸುಮ್ಮನಿರಬೇಕು. ಹಮಾಲಿಗೆ ಮಾಲೀಕನ ಎದುರು ಬಾಯಿ ಬರುವುದಿಲ್ಲ, ಬೇರೆ ಕರೆದು ಕೂರಿಸಿ ಚಹಾ ಕುಡಿಸಿ ಕೇಳಬೇಕು.

ಸಿಸಿಟಿವಿ ಸಿಕ್ಕರೆ ಮೊದಲು ಅದರ ಗಡಿಯಾರ ನೋಡಿ. ದೃಶ್ಯ ಮುದ್ರಿಸಿಡುವ ಪೆಟ್ಟಿಗೆ (ಡಿವಿಆರ್) ತೋರಿಸುವ ಸಮಯವನ್ನೂ ನಿಮ್ಮ ಮೊಬೈಲ್ ಸಮಯವನ್ನೂ ಒಂದೇ ಫೋಟೋದಲ್ಲಿ ಹಿಡಿಯಿರಿ. ಇಪ್ಪತ್ತು ನಿಮಿಷದ ವ್ಯತ್ಯಾಸ ಗೊತ್ತಾಗದೆ ತಪ್ಪು ಮನುಷ್ಯನನ್ನು ಹಿಡಿದ ಪ್ರಕರಣ ನಾನು ಕಂಡಿದ್ದೇನೆ. ಫೋಟೋ ಹೊರಗಿನಿಂದ ಒಳಗೆ, ಕಡಿಮೆ ಸುಟ್ಟ ಕಡೆಯಿಂದ ಹೆಚ್ಚು ಸುಟ್ಟ ಕಡೆಗೆ. ಏನನ್ನಾದರೂ ಸರಿಸುವ ಮುಂಚೆ ಒಂದು, ಸರಿಸಿದ ಮೇಲೆ ಒಂದು.

ಲೋಹಗಳ ಕರಗುವ ಬಿಂದು ಬಾಯಿಪಾಠ ಇರಲಿ. ಸೀಸ 327 ಡಿಗ್ರಿ ಸೆಲ್ಸಿಯಸ್, ಸತು 419, ಅಲ್ಯೂಮಿನಿಯಂ 660, ತಾಮ್ರ 1085. ಅಲ್ಯೂಮಿನಿಯಂ ಪಾತ್ರೆ ಕರಗಿ ಪಕ್ಕದ ತಾಮ್ರದ ಹಂಡೆ ಗಟ್ಟಿ ನಿಂತಿದ್ದರೆ ಆ ಮೂಲೆಯ ಶಾಖ ಎಷ್ಟಿತ್ತು ಎಂದು ಅಂದಾಜು ಸಿಗುತ್ತದೆ. ಬೀದರಿನವನಿಗೆ ಸತುವಿನ ಸಂಖ್ಯೆ ಮರೆಯುವುದಿಲ್ಲ, ಬಿದರಿ ಎರಕ ಹೊಯ್ಯುವವರ ಓಣಿಯಲ್ಲೇ ಬೆಳೆದದ್ದು ನಾನು.

ನಮ್ಮೂರಿನ ಮಹಮೂದ್ ಗವಾನನ ಮದರಸಾ ನೋಡಿದ್ದೀರಲ್ಲ, 1472ರದ್ದು. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದೇ ನಿಂತಿದೆ. ಔರಂಗಜೇಬನ ಕಾಲದಲ್ಲಿ ಅಲ್ಲಿ ಇಟ್ಟಿದ್ದ ಮದ್ದು ಸಿಡಿಯಿತು ಎಂದು ಕೆಲವರು ಬರೆಯುತ್ತಾರೆ, ಸಿಡಿಲು ಬಡಿಯಿತು ಎಂದು ಇನ್ನು ಕೆಲವರು. ಸಿಡಿಲು ಬಿದ್ದೇ ಮದ್ದು ಹೊತ್ತಿರಲೂಬಹುದು. ಮುನ್ನೂರು ವರ್ಷ ದಾಟಿದರೂ ಜಗಳ ಮುಗಿದಿಲ್ಲ. ನಾನು ಆ ಮುರಿದ ಗೋಡೆಯ ಮುಂದೆ ನಿಂತಾಗಲೆಲ್ಲ ಅವತ್ತು ಯಾರಾದರೂ ನೋಡಿದ್ದನ್ನು ನೋಡಿದ ಹಾಗೆ ಒಂದು ಪುಟ ಬರೆದಿಟ್ಟಿದ್ದರೆ ಅನ್ನಿಸುತ್ತದೆ.

ಆಳಂದ_ರೈತ
ಓದಿ ಸಂಕಟ ಆಯ್ತು. ಹೋದ ವರ್ಷ ನಮ್ಮ ಹುಲ್ಲಿನ ಬಣವಿ ಸುಟ್ಟಾಗ ಪಕ್ಕದ ಹೊಲದವನ ಮ್ಯಾಲ ಅನುಮಾನ ಪಟ್ಟು ಮಾತು ಬಿಟ್ಟೀವಿ. ಮಳಿಯಾಗ ನೆನೆದ ಹುಲ್ಲು ಒಟ್ಟಿದ್ದೆವು. ತಾನೇ ಹತ್ತ್ಕೊಳ್ಳೋದು ಸಾಧ್ಯ ಅದನಾ?

ಹಳೇ_ಸೈರನ್
ಅದ. ಹಸಿ ಮೇವು ಒತ್ತಿ ಒಟ್ಟಿದ್ರ ಒಳಗ ಹುಳಿತು ಕಾವು ಏರ್ತದ, ಹೊರಗ ಹೋಗಾಕ ದಾರಿ ಇರಂಗಿಲ್ಲ. ಉದ್ದ ಪೈಪಿನಾಗ ಥರ್ಮಾಮೀಟರ್ ಇಳಿಸಿ ನೋಡ್ರಿ. 65 ಡಿಗ್ರಿ ದಾಟಿದ್ರ ದಿನಾ ನೋಡಬೇಕು. 80ರ ಹತ್ತಿರ ಬಂದ್ರ ಬಿಚ್ಚಾಕ ಹೋಗಬ್ಯಾಡ್ರಿ, ಗಾಳಿ ಸಿಕ್ಕು ಭಗ್ಗಂತದ. 112ಕ್ಕ ಫೋನ್ ಹಚ್ಚಿ ನಮ್ಮವ್ರು ಬಂದ ಮ್ಯಾಲ ಬಿಚ್ಚ್ರಿ. ಅಗಸಿ ಎಣ್ಣಿ ಒರೆಸಿದ ಬಟ್ಟಿ ಮುದ್ದಿ ಮಾಡಿ ಮೂಲ್ಯಾಗ ಒಗೆದ್ರೂ ಹಿಂಗೇ ತಾನೇ ಕಾಯ್ತದ, ಗಾಣದ ಮನಿಯವ್ರು, ಬಡಿಗೇರು ನೆನಪಿಡಬೇಕು. ನಿಮ್ಮದು ಅದರಿಂದಲೇ ಅಂತ ನಾ ಹೇಳಲಾರೆ, ನಾ ನೋಡಿಲ್ಲ. ಆದ್ರ ನೆರೆಯವನ ಜೋಡಿ ಮಾತಾಡ್ರಿ.

ಲ್ಯಾಬ್_ಕೋಟು
ಕಾನೂನಿನ ವಿಷಯ ಯಾರೂ ಎತ್ತಲಿಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯಕ್ಕೆ 287ನೇ ಕಲಂ, ಬೇಕೆಂದೇ ಬೆಂಕಿ ಇಟ್ಟು ಹಾನಿ ಮಾಡಿದರೆ 326. ಮನೆ ಸುಟ್ಟರೆ ಜೀವಾವಧಿಯವರೆಗೂ ಶಿಕ್ಷೆ ಇದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಹೇಳುತ್ತದೆ. ತಜ್ಞರ ಅಭಿಪ್ರಾಯಕ್ಕೆ ಬೆಲೆ ಕೊಡುವುದು ಸಾಕ್ಷ್ಯ ಅಧಿನಿಯಮದ 39. ಅಂದರೆ ನೀವು ಬರೆಯುವ ಒಂದು ವಾಕ್ಯ ಕಟಕಟೆಯಲ್ಲಿ ನಿಲ್ಲಬೇಕು. ಕನ್ನಡದಲ್ಲಿ ಸ್ಪಷ್ಟವಾಗಿ, ಕಂಡದ್ದನ್ನು ಒಂದು ಪ್ಯಾರಾದಲ್ಲಿ, ಅದರಿಂದ ತಿಳಿದದ್ದನ್ನು ಬೇರೆ ಪ್ಯಾರಾದಲ್ಲಿ ಬರೆಯುವ ಅಭ್ಯಾಸ ಈಗಿನಿಂದಲೇ ಮಾಡಿ.

ಚಿತ್ತಾಪುರ_ಹುಡುಗ
ಎಲ್ಲರಿಗೂ ಕೈ ಮುಗೀತೀನಿ. ಇಷ್ಟೆಲ್ಲ ಓದಿ ಒಂದು ಹೆದರಿಕಿ ಬಂದದ. ನಂಗ ರಸಾಯನಶಾಸ್ತ್ರ ಬರಂಗಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೇ. ರಿವೈಂಡಿಂಗ್ ಬಿಟ್ಟು ಏನೂ ಬರಂಗಿಲ್ಲ. ಶೂನ್ಯದಿಂದ ಸುರು ಮಾಡಬೇಕನ್ರಿ?

ಹಳೇ_ಸೈರನ್
ಶೂನ್ಯದಿಂದ ಯಾಕ? ನಿನ್ನ ಕಡಿ ಸುಟ್ಟ ಮೋಟರ್ ಬಂದಾಗ ಬಿಚ್ಚಿ ನೋಡಿ ಏನಂತ ಹೇಳ್ತಿ?

ಚಿತ್ತಾಪುರ_ಹುಡುಗ
ಸ್ಟಾರ್ ಕನೆಕ್ಷನ್ ಮೋಟರಿನಾಗ ಎರಡು ಫೇಸಿನ ಕಾಯಿಲ್ ಕರ್ರಗಾಗಿ ಒಂದು ಫೇಸ್ ಹೊಸದರಂಗ ಇದ್ರ ಒಂದು ಫೇಸ್ ಕಟ್ ಆಗಿ ಓಡ್ಯದ ಅಂತ. ಡೆಲ್ಟಾ ಇದ್ರ ಒಂದೇ ಸುಟ್ಟಿರ್ತದ, ಎರಡು ಛಲೋ ಇರ್ತಾವ. ಮೂರೂ ಒಂದೇ ಸಮ ಕಪ್ಪಾಗಿದ್ರ ಲೋಡ್ ಹೆಚ್ಚಾಗ್ಯದ. ಒಂದೇ ಬೊಟ್ಟಿನಷ್ಟು ಜಾಗ ಸುಟ್ಟಿದ್ರ ಸುತ್ತಿಗಿ ಸುತ್ತು ತಾಗ್ಯದ.

ಹಳೇ_ಸೈರನ್
ನೋಡು! ಸುಟ್ಟ ಗುರುತಿನಿಂದ ಕಾರಣಕ್ಕ ಹೋಗೋದು ನಿನಗ ಆಗಲೇ ಬರ್ತದ. ಹತ್ತು ವರ್ಷ ನೌಕರಿ ಮಾಡಿದವ್ರಿಗೂ ಈ ಕಣ್ಣು ಇರಂಗಿಲ್ಲ. ಮೋಟರ್ ಹೋಗಿ ಮನಿ ಬರ್ತದ, ಅಷ್ಟೇ.

1997ರಾಗ ದಿಲ್ಲಿಯ ಉಪಹಾರ್ ಚಿತ್ರಮಂದಿರದಾಗ 59 ಮಂದಿ ಸತ್ತದ್ದು ಕೇಳಿರ್ತಿ. ಬೆಂಕಿಯ ಬೇರು ಏನಿತ್ತು? ಅವತ್ತು ಮುಂಜಾನಿ ಟ್ರಾನ್ಸ್‌ಫಾರ್ಮರ್ ದುರಸ್ತಿ ಮಾಡೋವಾಗ ಕೇಬಲ್ ಲಗ್ಗನ್ನ (ಕೇಬಲ್ ತುದಿಗಿ ಹಾಕೋ ಲೋಹದ ಕೊಳವಿ) ಒತ್ತಿ ಬಿಗಿ ಮಾಡೋ ಕ್ರಿಂಪಿಂಗ್ ಮಷಿನ್ ಇಲ್ಲದೇ ಬಡಿದು ಕೂಡಿಸಿದ್ರು. ಜೋಡಣಿ ಸಡಿಲಾಗಿ ಕಿಡಿ ಸುರುವಾಯ್ತು. ಇದನ್ನ ಕ್ರಿಂಪಿಂಗ್ ಮಷಿನ್ ಕೈಯಾಗ ಹಿಡಿದು ಗೊತ್ತಿದ್ದವ ಕ್ಷಣದಾಗ ಹಿಡೀತಾನ. ಆದ್ರ ಮಂದಿ ಸತ್ತದ್ದು ಸಡಿಲು ಲಗ್ಗಿನಿಂದಷ್ಟೇ ಅಲ್ಲ. ಹೊಗೆ ಮ್ಯಾಲ ಏರಿತು, ದಾರಿ ಬಂದ್ ಆಗಿತ್ತು, ಕತ್ತಲ ಇತ್ತು. ಬೆಂಕಿ ಯಾಕ ಹತ್ತಿತು ಅನ್ನೋದು ಒಂದು ಪ್ರಶ್ನೆ, ಮಂದಿ ಯಾಕ ಸತ್ರು ಅನ್ನೋದು ಇನ್ನೊಂದು. ತಡೆಯೋ ಕೆಲಸ ಮಾಡಾವ ಎರಡನೇದನ್ನ ದಿನಾ ಕೇಳಬೇಕು. 2019ರಾಗ ಸೂರತ್‌ನ ಕೋಚಿಂಗ್ ಸೆಂಟರ್‌ನಾಗ 22 ವಿದ್ಯಾರ್ಥಿಗಳು ಹೋದ್ರು. ನಮ್ಮ ಕಲಬುರಗಿಯಾಗೂ ಮೂರನೇ ಮಾಳಿಗಿ ಮ್ಯಾಲ ಒಂದೇ ಮೆಟ್ಟಿಲಿನ ಕ್ಲಾಸ್‌ಗಳು ಅದಾವ. ಮೆಟ್ಟಿಲ ಕೆಳಗೇ ಮೀಟರ್ ಬೋರ್ಡು, ಅದರ ಮುಂದ ಬೈಕ್ ಸಾಲು. ದಾಟಿ ಹೋಗೋವಾಗ ನನ್ನ ಎದಿ ಝಲ್ ಅಂತದ.

ಎಂಸಿಬಿ (ಕರೆಂಟ್ ಹೆಚ್ಚಾದ್ರ ತಾನೇ ಬಂದ್ ಆಗೋ ಸ್ವಿಚ್) ಇದ್ರ ಸಾಕು ಅಂತ ಮಂದಿ ತಿಳ್ಕೊಂಡಾರ. ಸಡಿಲ್ ಜೋಡಣಿ ಕಾಯೋವಾಗ ಕರೆಂಟ್ ಹೆಚ್ಚಾಗಂಗಿಲ್ಲ, ಎಂಸಿಬಿಗಿ ಅದು ಕಾಣಂಗೇ ಇಲ್ಲ. ಮೇ ತಿಂಗಳ ಬಿಸಿಲಾಗ, ಕೂಲರ್, ಎಸಿ ಎಲ್ಲಾ ಒಮ್ಮೆ ಓಡೋವಾಗ, ತಾಮ್ರಕ್ಕ ಅಲ್ಯೂಮಿನಿಯಂ ಬರೀ ಕೈಲೆ ಸುತ್ತಿದ ಜೋಡಣಿ ಎಷ್ಟು ಕಾಯ್ತದ ಅಂತ ನಿನಗ ನಾ ಹೇಳಬೇಕಾಗಿಲ್ಲ.

ಯಾದಗಿರಿ_ಟೀಚರ್
ಏಪ್ರಿಲ್ 14ರಂದು ನಮ್ಮ ಶಾಲೆಯಲ್ಲಿ ಅಂಬೇಡ್ಕರ್ ಜಯಂತಿ ಮುಗಿದ ಮೇಲೆ ಮಕ್ಕಳಿಗೆ ಅಗ್ನಿಶಾಮಕ ಸಪ್ತಾಹದ ಕಥೆಯನ್ನೂ ಹೇಳುತ್ತೇನೆ. 1944ರ ಅದೇ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದದ್ದು. ಒಂದೇ ಹಡಗಿನಲ್ಲಿ ಸ್ಫೋಟಕವೂ ಹತ್ತಿ ಬೇಲುಗಳೂ ಇದ್ದವು. ಆರಿಸಲು ಹೋದ ಅಗ್ನಿಶಾಮಕದವರೇ ಎಷ್ಟೋ ಮಂದಿ ಹೋದರು. ಹತ್ತಿ ಬೆಳೆಯುವ ನಮ್ಮ ಮಕ್ಕಳಿಗೆ ಬೇಲಿನ ಒಳಗೆ ಬೆಂಕಿ ಕಾಣದೆ ಹೊಗೆಯಾಡುತ್ತದೆ ಎಂಬುದು ಬೇಗ ಅರ್ಥವಾಗುತ್ತದೆ. ಚಿತ್ತಾಪುರದ ತಮ್ಮ, ಪಿಯುಸಿ ರಸಾಯನಶಾಸ್ತ್ರದ ದಹನ, ಆವಿ, ಸಾವಯವ ಪಾಠಗಳು ಸಾಕು ಶುರುವಿಗೆ. ನಾನು ಫೋನಿನಲ್ಲೇ ಹೇಳಿಕೊಡುತ್ತೇನೆ, ಭಾನುವಾರ ಬೆಳಿಗ್ಗೆ.

ಕಪನೂರ_ಮಿಲ್
ನಮ್ಮ ಮಿಲ್ಲಿಗೂ ಬಾ ತಮ್ಮ. ಆ ನೀಲಿ ತಿರುಗಿದ ಬೇರಿಂಗ್ ಇನ್ನಾ ಇಟ್ಕೊಂಡೀನಿ. ಕೈಯಾಗ ಹಿಡಿದು ನೋಡು.

ಚಿತ್ತಾಪುರ_ಹುಡುಗ
ಬರ್ತೀನ್ರಿ, ಶನಿವಾರ. ಟೀಚರ್, ಭಾನುವಾರ ಎಂಟಕ್ಕ ಫೋನ್ ಮಾಡ್ತೀನಿ.

ಇವತ್ತು ಅಂಗಡಿಗಿ ಬಂದ ಒಂದು ಸುಟ್ಟ ಸ್ಟಾರ್ಟರ್ ಮ್ಯಾಲ ಲ್ಯಾಬ್ ಅಕ್ಕಾರು ಹೇಳಿದಂಗ ಬರೆದೀನಿ. ಕಂಡದ್ದು: ಬಲಗಡಿ ಟರ್ಮಿನಲ್ಲಿನ ಪ್ಲಾಸ್ಟಿಕ್ ಕರಗ್ಯದ, ಉಳಿದ ಎರಡು ಸರಿ ಅದಾವ. ಸ್ಕ್ರೂ ಕೈಲೆ ತಿರುಗ್ತದ. ವೈರಿನ ತುದಿ ಕರಗಿ ಉಂಡಿ ಆಗಿಲ್ಲ. ತಿಳಿದದ್ದು: ಸ್ಕ್ರೂ ಸಡಿಲಿದ್ದು ಅಲ್ಲೇ ಕಾಯ್ದಿರಬೇಕು.

ಲ್ಯಾಬ್_ಕೋಟು
ಚೆನ್ನಾಗಿದೆ. ಒಂದು ಪ್ರಶ್ನೆ. ಸ್ಕ್ರೂ ಮೊದಲೇ ಸಡಿಲ ಇತ್ತೇ, ಅಥವಾ ಪ್ಲಾಸ್ಟಿಕ್ ಕರಗಿದ ಮೇಲೆ ಸಡಿಲವಾಯಿತೇ?

ಚಿತ್ತಾಪುರ_ಹುಡುಗ
ಅದು ನೋಡಿಲ್ಲ ಅಕ್ಕಾ. ಸ್ಟಾರ್ಟರ್ ಇನ್ನಾ ಅಂಗಡ್ಯಾಗೇ ಅದ. ನಾಳಿ ಮುಂಜಾನಿ ಸ್ಕ್ರೂವಿನ ದಾರದಾಗ ಕರಗಿದ ಪ್ಲಾಸ್ಟಿಕ್ ಸಿಕ್ಕದ ಇಲ್ಲೋ ನೋಡಿ, ಫೋಟೋ ತೆಗೆದು ಹಾಕ್ತೀನಿ. ಅಲ್ಲಿ ತನಕ "ತಿಳಿದದ್ದು" ಅನ್ನೋ ಸಾಲು ಹೊಡೆದು ಹಾಕೀನಿ.